ನವೆಂಬರ್ ಒಂದು: ಸಂತರ ದಿನ, ನಾಡಿನ ದಿನ

ಪ್ರತಿ ವರ್ಷ ನವೆಂಬರ್ ಒಂದರ ಬೆಳಿಗ್ಗೆ ನಮ್ಮ ದೇವಾಲಯದಲ್ಲಿ ಎರಡು ಕಾರ್ಯಗಳು ಒಂದರ ಬೆನ್ನಿಗೊಂದು ನಡೆಯುತ್ತವೆ. ಮೊದಲನೆಯದು ಸಕಲ ಸಂತರ ಮಹೋತ್ಸವದ ಬಲಿಪೂಜೆ. ಅದು ಮುಗಿದು ಜನರು ಹೊರಗೆ ಬರುವಷ್ಟರಲ್ಲಿ ಅಂಗಳದ ಕಂಬಕ್ಕೆ ಹಳದಿ ಕೆಂಪು ಬಣ್ಣಗಳ ಬಾವುಟವನ್ನು ಕಟ್ಟಿ ಸಿದ್ಧಪಡಿಸಿರುತ್ತಾರೆ. ಗುರುಗಳು ಪೂಜಾವಸ್ತ್ರಗಳನ್ನು ತೆಗೆದಿರಿಸಿ ಬಂದು ಬಾವುಟವನ್ನು ಏರಿಸುತ್ತಾರೆ. ಮಕ್ಕಳು ನಾಡಗೀತೆಯನ್ನು ಹಾಡುತ್ತಾರೆ. ಎಲ್ಲರಿಗೂ ಸಿಹಿ ಹಂಚಲಾಗುತ್ತದೆ. ಆಮೇಲೆ ಕೆಲವರು ಮನೆಗೆ ಹೋಗದೆ ಸಮಾಧಿಭೂಮಿಯ ಕಡೆ ನಡೆಯುತ್ತಾರೆ. ಮರುದಿನ ಸಕಲ ಮೃತರ ಸ್ಮರಣೆಯ ದಿನವಾದುದರಿಂದ ತಮ್ಮವರ ಸಮಾಧಿಗಳ ಸುತ್ತಲಿನ ಹುಲ್ಲನ್ನು ಕಿತ್ತು ಕಲ್ಲನ್ನು ತೊಳೆಯುವುದು ಅವರ ರೂಢಿ.

ನಮ್ಮ ದೇವಾಲಯದ ನೂರು ವರ್ಷಗಳ ಕಥೆಯನ್ನು ಈ ಸ್ಮರಣ ಸಂಚಿಕೆಯ ಬೇರೆ ಲೇಖನಗಳು ಹೇಳುತ್ತವೆ. ನಾವು ಇಲ್ಲಿ ಒಂದೇ ಒಂದು ದಿನದ ಚರಿತ್ರೆಯನ್ನು ಹೇಳಲು ಹೊರಟಿದ್ದೇವೆ. ಧರ್ಮಸಭೆಯ ಹಬ್ಬವೂ ಕನ್ನಡ ನಾಡಿನ ಹಬ್ಬವೂ ಒಂದೇ ದಿನ ಬಂದುದು ಆಕಸ್ಮಿಕವೆಂದು ಬಲ್ಲವರು ಹೇಳುತ್ತಾರೆ. ಆಕಸ್ಮಿಕವೇ ಸರಿ. ಆದರೆ ಬಂದ ಆಕಸ್ಮಿಕವನ್ನು ಹೇಗೆ ಬಳಸಿಕೊಳ್ಳಬೇಕೆಂಬುದು ನಮ್ಮ ಕೈಯಲ್ಲಿದೆ. ಕಾರ್ಖಾನೆಗಳ ಮತ್ತು ಕಂಪ್ಯೂಟರ್ ಕಚೇರಿಗಳ ನಡುವೆ, ಹತ್ತು ಕಡೆಯಿಂದ ಬಂದ ಜನರ ನಡುವೆ ಬದುಕುತ್ತಿರುವ ನಮ್ಮಂಥ ಧರ್ಮಕೇಂದ್ರಕ್ಕೆ ಈ ಪ್ರಶ್ನೆ ಸಣ್ಣದಲ್ಲ.

ಹಬ್ಬದ ಮೂಲ

ಆದಿ ಕ್ರೈಸ್ತರು ತಮ್ಮ ರಕ್ತಸಾಕ್ಷಿಗಳನ್ನು ಅವರವರು ಮಡಿದ ದಿನದಂದು ಸ್ಮರಿಸುತ್ತಿದ್ದರು. ಹಿಂಸೆಯ ಕಾಲ ಮುಂದುವರಿದಂತೆ ಮಡಿದವರ ಸಂಖ್ಯೆ ವರ್ಷದ ದಿನಗಳ ಸಂಖ್ಯೆಯನ್ನು ಮೀರಿತು. ಎಷ್ಟೋ ಮಂದಿಯ ಹೆಸರೇ ಉಳಿಯಲಿಲ್ಲ. ಆದ್ದರಿಂದ ಎಲ್ಲರನ್ನೂ ಒಟ್ಟಾಗಿ ನೆನೆಯುವ ಒಂದು ದಿನ ಬೇಕೆಂಬ ಭಾವನೆ ಪೂರ್ವದ ಧರ್ಮಸಭೆಗಳಲ್ಲಿ ಮೊದಲು ಹುಟ್ಟಿತು. ಸುಮಾರು 609ರಲ್ಲಿ ಜಗದ್ಗುರು ನಾಲ್ಕನೆಯ ಬೊನಿಫಾಸರು ರೋಮ್ ನಗರದ ಪ್ಯಾಂಥಿಯಾನ್ ಎಂಬ ಪ್ರಾಚೀನ ದೇಗುಲವನ್ನು ಮಾತೆ ಮರಿಯಮ್ಮನವರಿಗೂ ಸಕಲ ರಕ್ತಸಾಕ್ಷಿಗಳಿಗೂ ಅರ್ಪಿಸಿದರು. ಆ ಸಮರ್ಪಣೆ ನಡೆದುದು ಮೇ 13ರಂದು. ಎಂಟನೆಯ ಶತಮಾನದಲ್ಲಿ ಜಗದ್ಗುರು ಮೂರನೆಯ ಗ್ರೆಗೊರಿಯವರು ಸಂತ ಪೇತ್ರರ ಮಹಾದೇವಾಲಯದಲ್ಲಿ ಸಕಲ ಸಂತರ ಹೆಸರಿನಲ್ಲಿ ಒಂದು ಪೂಜಾಲಯವನ್ನು ಸ್ಥಾಪಿಸಿದರು. ಒಂಬತ್ತನೆಯ ಶತಮಾನದಲ್ಲಿ, 835ರ ಸುಮಾರಿಗೆ, ನಾಲ್ಕನೆಯ ಗ್ರೆಗೊರಿಯವರ ಕಾಲಕ್ಕೆ ನವೆಂಬರ್ ಒಂದರ ಆಚರಣೆ ಫ್ರಾಂಕ್ ಅರಸರ ರಾಜ್ಯದಲ್ಲೆಲ್ಲ ಹಬ್ಬಿತು. ಮರುದಿನದ ಸಕಲ ಮೃತರ ಸ್ಮರಣೆಯಾದರೋ ಹತ್ತನೆಯ ಶತಮಾನದ ಕೊನೆಯಲ್ಲಿ ಕ್ಲೂನಿ ಮಠದ ಅಧಿಪತಿ ಸಂತ ಓಡಿಲೋ ಅವರಿಂದ ಆರಂಭವಾಯಿತು.

ಇದರಲ್ಲಿ ಗಮನಿಸಬೇಕಾದ ಮಾತೊಂದುಂಟು. ವರ್ಷದ ಉಳಿದ ಹಬ್ಬಗಳೆಲ್ಲ ಹೆಸರುಳ್ಳವರ ಹಬ್ಬಗಳು. ಸಂತ ಅಂತೋಣಿಯವರಿಗೆ ಒಂದು ದಿನ, ಸಂತ ಫ್ರಾನ್ಸಿಸ್ ಝೇವಿಯರರಿಗೆ ಒಂದು ದಿನ. ನವೆಂಬರ್ ಒಂದು ಮಾತ್ರ ಹೆಸರು ತಿಳಿಯದವರದು. ಅಂದಿನ ಬಲಿಪೂಜೆಯಲ್ಲಿ ಪ್ರಕಟನಾ ಗ್ರಂಥದ ಏಳನೆಯ ಅಧ್ಯಾಯವನ್ನು ಓದುತ್ತಾರೆ. ಎಣಿಸಲಾಗದ ಒಂದು ಜನಸಮೂಹ, ಸಕಲ ಕುಲಗಳಿಂದ, ಸಕಲ ಭಾಷೆಗಳಿಂದ ಬಂದದ್ದು, ಸಿಂಹಾಸನದ ಮುಂದೆ ನಿಂತಿರುವ ದರ್ಶನ ಅಲ್ಲಿದೆ. ಭಾಷೆಗಳು ಅಳಿದು ಒಂದಾದವೆಂದು ಅಲ್ಲಿ ಹೇಳಿಲ್ಲ. ಅನೇಕ ಭಾಷೆಗಳವರು ಒಂದೆಡೆ ನಿಂತರೆಂದು ಹೇಳಿದೆ. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು; ಲೇಖನದ ಕೊನೆಯಲ್ಲಿ ನಾವು ಅದಕ್ಕೆ ಮರಳುತ್ತೇವೆ.

ಈ ಹಬ್ಬದ ದಿನವೇ, 1512ರಲ್ಲಿ, ವ್ಯಾಟಿಕನ್ನಿನ ಸಿಸ್ಟೀನ್ ಪೂಜಾಲಯದ ಮೇಲ್ಛಾವಣಿಯಲ್ಲಿ ಮೈಕೆಲ್ಯಾಂಜೆಲೊ ರಚಿಸಿದ ಚಿತ್ರಗಳು ಜನರ ದರ್ಶನಕ್ಕೆ ತೆರೆದವು. 1508ರಲ್ಲಿ ಆರಂಭಿಸಿ ನಾಲ್ಕು ವರ್ಷ ಅಟ್ಟಣಿಗೆಯ ಮೇಲೆ ನಿಂತು, ತಲೆಯೆತ್ತಿ ಆತ ಬರೆದ ಸೃಷ್ಟಿಯ ಕಥೆಯನ್ನು ಇಂದಿಗೂ ಲೋಕದ ಮೂಲೆಮೂಲೆಗಳಿಂದ ಜನರು ಹೋಗಿ ನೋಡುತ್ತಾರೆ.

ಲಿಸ್ಬನ್ ನಗರದ ಹಬ್ಬದ ಬೆಳಗು

ನವೆಂಬರ್ ಒಂದರ ಚರಿತ್ರೆಯಲ್ಲಿ ಸಂತೋಷ ಮಾತ್ರವಿಲ್ಲ. 1755ರ ನವೆಂಬರ್ ಒಂದು ಶನಿವಾರ. ಪೋರ್ಚುಗಲ್ ದೇಶದ ರಾಜಧಾನಿ ಲಿಸ್ಬನ್ನಿನಲ್ಲಿ ಸಕಲ ಸಂತರ ಬಲಿಪೂಜೆಗೆಂದು ದೇವಾಲಯಗಳೆಲ್ಲ ತುಂಬಿದ್ದವು. ಪೀಠಗಳ ಮೇಲೆ ಮೇಣದ ಬತ್ತಿಗಳು ಉರಿಯುತ್ತಿದ್ದವು. ಬೆಳಿಗ್ಗೆ ಒಂಬತ್ತೂವರೆಯ ಸುಮಾರಿಗೆ ಭೂಮಿ ನಡುಗಿತು. ಮೇಲ್ಛಾವಣಿಗಳು ಪ್ರಾರ್ಥಿಸುತ್ತಿದ್ದವರ ಮೇಲೆಯೇ ಕುಸಿದವು. ತಪ್ಪಿಸಿಕೊಂಡು ನದೀತೀರದ ಬಯಲಿಗೆ ಓಡಿದವರನ್ನು ಸಮುದ್ರದ ಹೆದ್ದೆರೆಗಳು ಬಂದು ಹೊಡೆದವು. ಉರುಳಿದ ಮೇಣದ ಬತ್ತಿಗಳಿಂದಲೂ ಮನೆಗಳ ಒಲೆಗಳಿಂದಲೂ ಹೊತ್ತಿದ ಬೆಂಕಿ ದಿನಗಟ್ಟಲೆ ಉರಿಯಿತು. ಸಕಲ ಸಂತರ ಹೆಸರನ್ನೇ ಹೊತ್ತಿದ್ದ ಅರಮನೆಯ ಆಸ್ಪತ್ರೆಯೂ ಸುಟ್ಟುಹೋಯಿತು. ಸತ್ತವರು ಹತ್ತಾರು ಸಾವಿರ. ಕಾರ್ಮೊ ಮಠದ ದೇವಾಲಯವನ್ನು ಇಂದಿಗೂ ಛಾವಣಿ ಹೊದಿಸದೆ ಹಾಗೆಯೇ ಉಳಿಸಿದ್ದಾರೆ. ಅದರ ಬರಿದಾದ ಕಮಾನುಗಳ ಮೂಲಕ ಆಕಾಶ ಕಾಣುತ್ತದೆ.

ಹಬ್ಬದ ದಿನ, ಪೂಜೆಯ ವೇಳೆಯಲ್ಲಿ, ಭಕ್ತರಿಗೇ ಹೀಗೇಕಾಯಿತೆಂದು ಯೂರೋಪಿನ ಪಂಡಿತರು ವರ್ಷಗಟ್ಟಲೆ ವಾದಿಸಿದರು. ಇದು ಪಾಪಕ್ಕೆ ಬಂದ ಶಿಕ್ಷೆಯೆಂದು ಯೇಸುಸಭೆಯ ಗುರು ಗೇಬ್ರಿಯಲ್ ಮಲಗ್ರಿದಾ ಬೋಧಿಸಿದರು. ಮೃತರನ್ನು ಹೂಳಿಸಿ, ಊರನ್ನು ಮತ್ತೆ ಕಟ್ಟಿಸುವ ಹೊಣೆ ಹೊತ್ತಿದ್ದ ಮಂತ್ರಿ, ಮುಂದೆ ಪೊಂಬಾಲಿನ ಮಾರ್ಕ್ವಿಸ್ ಎಂದು ಹೆಸರಾದವನು, ಇದನ್ನು ಸಹಿಸಲಿಲ್ಲ. ಭೂಕಂಪದ ನಂತರ ಅಧಿಕಾರವೆಲ್ಲ ಅವನ ಕೈಸೇರಿತ್ತು. ಯೇಸುಸಭೆಯ ಮೇಲೆ ಅವನಿಗೆ ಬೇರೆ ಕಾರಣಗಳಿಂದಲೂ ದ್ವೇಷವಿತ್ತು. 1759ರಲ್ಲಿ ಆ ಸಭೆಯವರನ್ನು ಪೋರ್ಚುಗಲ್ಲಿನಿಂದಲೂ ಅದರ ವಸಾಹತುಗಳಿಂದಲೂ ಹೊರಹಾಕಲಾಯಿತು. 1761ರಲ್ಲಿ ವೃದ್ಧ ಮಲಗ್ರಿದಾ ಅವರಿಗೆ ಮರಣದಂಡನೆಯಾಯಿತು. 1773ರಲ್ಲಿ ಜಗದ್ಗುರು ಹದಿನಾಲ್ಕನೆಯ ಕ್ಲೆಮೆಂಟರು ಯೇಸುಸಭೆಯನ್ನೇ ವಿಸರ್ಜಿಸಿದರು.

ಎಲ್ಲಿಯ ಲಿಸ್ಬನ್, ಎಲ್ಲಿಯ ನಮ್ಮ ಊರು ಎಂದು ವಾಚಕರು ಕೇಳಬಹುದು. ಸಂಬಂಧ ಹತ್ತಿರದ್ದೇ. ಮೈಸೂರು ಸೀಮೆಗೆ ಕಥೋಲಿಕ ಧರ್ಮವನ್ನು ತಂದವರು ಯೇಸುಸಭೆಯ ಗುರುಗಳು. ಹದಿನೇಳನೆಯ ಶತಮಾನದ ಮಧ್ಯದಲ್ಲಿ ಇಟಲಿಯ ಲಿಯೊನಾರ್ದೊ ಚಿನ್ನಮಿಯವರು ಗೋವೆಯಿಂದ ಶ್ರೀರಂಗಪಟ್ಟಣಕ್ಕೆ ಬಂದರು. ಕನ್ನಡವನ್ನು ಕಲಿತು, ಕನ್ನಡದಲ್ಲಿಯೇ ಬೋಧಿಸಿ, ಬರೆದರು. ಅವರ ಹಿಂದೆ ಬಂದ ಗುರುಗಳು ನೂರು ವರ್ಷಕ್ಕೂ ಹೆಚ್ಚು ಕಾಲ ಈ ನಾಡಿನ ಹಳ್ಳಿಗಳಲ್ಲಿ ಅಲೆದರು. 1759ರ ಆಜ್ಞೆಯಿಂದ ಗೋವೆಯ ಆಸರೆ ತಪ್ಪಿತು. 1773ರ ನಂತರ ಹೊಸ ಗುರುಗಳು ಬರುವುದು ನಿಂತಿತು. ಇದ್ದವರು ಮುದುಕರಾಗಿ ಒಬ್ಬೊಬ್ಬರಾಗಿ ತೀರಿಕೊಂಡರು. ಗುರುಗಳಿಲ್ಲದ ಊರುಗಳಲ್ಲಿ ಜಪಮಾಲೆಯನ್ನೂ ಪ್ರಾರ್ಥನೆಗಳನ್ನೂ ಉಳಿಸಿದವರು ಉಪದೇಶಿಗಳು ಮತ್ತು ತಾಯಂದಿರು. ಅವರಲ್ಲಿ ಯಾರ ಹೆಸರೂ ನಮಗೆ ಬಂದಿಲ್ಲ. ನವೆಂಬರ್ ಒಂದು ಅವರ ದಿನವಲ್ಲದೆ ಮತ್ತಾರ ದಿನ?

ಆ ಕೆಲಸವನ್ನು ಆಮೇಲೆ ಕೈಗೆತ್ತಿಕೊಂಡವರು ಪ್ಯಾರಿಸ್ ಪರದೇಶ ಮಿಷನ್ ಸಂಸ್ಥೆಯ ಫ್ರೆಂಚ್ ಗುರುಗಳು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದು, ಈ ದೇಶದವರ ಉಡುಪನ್ನೇ ತೊಟ್ಟು, ಸಿಡುಬಿನ ಲಸಿಕೆಯ ಪ್ರಚಾರಕ್ಕೂ ದುಡಿದ ಅಬ್ಬೆ ದ್ಯುಬುವಾ ಅವರನ್ನು ಜನರು ದೊಡ್ಡಸ್ವಾಮಿಯವರೆಂದು ಕರೆದರು. 1850ರಲ್ಲಿ ಮೈಸೂರು ಪುದುಚೇರಿಯ ಆಡಳಿತದಿಂದ ಬೇರೆಯಾಯಿತು. 1861ರಲ್ಲಿ ಬೆಂಗಳೂರಿನ ಮಿಷನ್ ಮುದ್ರಣಾಲಯದಲ್ಲಿ ಲ್ಯಾಟಿನ್ ಕನ್ನಡ ನಿಘಂಟೊಂದು ಅಚ್ಚಾಯಿತು. ದೇವಾಲಯದ ಭಾಷೆಗೂ ಊರಿನ ಭಾಷೆಗೂ ನಡುವೆ ಸೇತುವೆ ಬೇಕೆಂದು ಆ ಗುರುಗಳು ಅಷ್ಟು ಹಿಂದೆಯೇ ಅರಿತಿದ್ದರು.

ರಾಣಿಯ ಘೋಷಣೆ ಮತ್ತು ನಮ್ಮ ಸೀಮೆ

1858ರ ನವೆಂಬರ್ ಒಂದರಂದು ಅಲಹಾಬಾದಿನಲ್ಲಿ ಲಾರ್ಡ್ ಕ್ಯಾನಿಂಗ್ ರಾಣಿ ವಿಕ್ಟೋರಿಯಾಳ ಘೋಷಣೆಯನ್ನು ಓದಿದನು. ಹಿಂದಿನ ವರ್ಷದ ದಂಗೆಯ ನಂತರ ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆ ಕೊನೆಗೊಂಡು ಭಾರತ ನೇರವಾಗಿ ಬ್ರಿಟಿಷ್ ಸಿಂಹಾಸನದ ಅಧೀನವಾದುದನ್ನು ಅದು ಸಾರಿತು. ಪ್ರಜೆಗಳ ಧರ್ಮಾಚರಣೆಯಲ್ಲಿ ಸರಕಾರ ಕೈಹಾಕುವುದಿಲ್ಲವೆಂದೂ, ದೇಶೀಯ ಅರಸರೊಂದಿಗಿನ ಒಪ್ಪಂದಗಳನ್ನು ಮನ್ನಿಸುವುದಾಗಿಯೂ ಅದರಲ್ಲಿ ವಚನವಿತ್ತು. ಕೊಟ್ಟ ವಚನ ಎಷ್ಟರಮಟ್ಟಿಗೆ ನಡೆಯಿತೆಂಬುದು ಬೇರೆ ಪ್ರಶ್ನೆ. ಅಂದು ಮೈಸೂರು ತನ್ನ ಅರಸರ ಕೈಯಲ್ಲಿರಲಿಲ್ಲ. 1831ರಿಂದಲೇ ಬ್ರಿಟಿಷ್ ಕಮಿಷನರುಗಳು ಅದನ್ನು ಆಳುತ್ತಿದ್ದರು. ಮಾರ್ಕ್ ಕಬ್ಬನ್ ಬೆಂಗಳೂರಿನಲ್ಲಿ ಕುಳಿತು ಆಡಳಿತ ನಡೆಸುತ್ತಿದ್ದನು. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ರಾಜ್ಯವನ್ನು ಮರಳಿ ಕೊಡಬೇಕೆಂದು ಬರೆಯುತ್ತಲೇ ಇದ್ದು 1868ರಲ್ಲಿ ಕಾಲವಾದರು. 1881ರ ಮಾರ್ಚ್ 25ರಂದು ಅವರ ದತ್ತುಪುತ್ರ ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಹಿಂದಿರುಗಿತು.

ಮರುವರ್ಷ, 1882ರಲ್ಲಿ, ಹೊಸ ಮಹಾರಾಜರು ಬೆಂಗಳೂರಿನ ಪೂರ್ವಕ್ಕೆ 3,900 ಎಕರೆ ಭೂಮಿಯನ್ನು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ ಕೊಟ್ಟರು. ಆ ಸಮುದಾಯದವರು ಬೇಸಾಯ ಮಾಡಿಕೊಂಡು ಸ್ವತಂತ್ರವಾಗಿ ಬದುಕಬೇಕೆಂಬುದು ಸಂಘದ ಮುಖಂಡ ಡಿ. ಎಸ್. ವೈಟ್ ಅವರ ಕನಸು. ಅವರ ಹೆಸರಿನಿಂದಲೇ ಆ ನೆಲೆಗೆ ವೈಟ್‌ಫೀಲ್ಡ್ ಎಂದು ಹೆಸರಾಯಿತು. ಹೀಗೆ ನಮ್ಮ ಸೀಮೆಯ ಮೊದಲ ವಲಸೆಗಾರರು ಇಂದಿನ ಕಂಪ್ಯೂಟರ್ ನೌಕರರಲ್ಲ. ಪರವೂರಿನಿಂದ ಬಂದು ಇಲ್ಲಿ ಬೇರೂರುವ ಸಂಪ್ರದಾಯ ಈ ನೆಲದಲ್ಲಿ ನೂರನಲವತ್ತು ವರ್ಷಗಳಿಗಿಂತ ಹಳೆಯದು. ಆ ಬಂದವರ ಸುತ್ತ ಮೊದಲಿನಿಂದಲೂ ಇದ್ದವರು ರಾಗಿ ಬೆಳೆಯುವ, ಕನ್ನಡವನ್ನೂ ತೆಲುಗನ್ನೂ ಆಡುವ ಹಳ್ಳಿಗರು. ಎರಡೂ ಕಡೆಯವರಿಲ್ಲದೆ ನಮ್ಮ ಊರಿನ ಕಥೆಯಿಲ್ಲ.

ಎರಡು ಕಿರಿಯ ನೆನಪುಗಳು

1950ರ ನವೆಂಬರ್ ಒಂದರಂದು ಜಗದ್ಗುರು ಹನ್ನೆರಡನೆಯ ಪಿಯುಸರು ರೋಮಿನ ಸಂತ ಪೇತ್ರರ ಚೌಕದಲ್ಲಿ ಅಪಾರ ಜನಸಮೂಹದ ಮುಂದೆ ಒಂದು ವಿಶ್ವಾಸ ಸತ್ಯವನ್ನು ಘೋಷಿಸಿದರು: ಮಾತೆ ಮರಿಯಮ್ಮನವರು ತಮ್ಮ ಇಹಜೀವನವನ್ನು ಮುಗಿಸಿ ಆತ್ಮಶರೀರ ಸಮೇತರಾಗಿ ಸ್ವರ್ಗಕ್ಕೆ ಸ್ವೀಕೃತರಾದರೆಂಬುದೇ ಅದು. ಈ ವಿಶ್ವಾಸದ ಹಬ್ಬವನ್ನು ನಾವು ಆಗಸ್ಟ್ 15ರಂದು ಆಚರಿಸುತ್ತೇವೆ. ಅದು ಭಾರತದ ಸ್ವಾತಂತ್ರ್ಯ ದಿನವೂ ಆಗಿದೆ. ಆ ದಿನವೂ ನಮ್ಮ ಅಂಗಳದಲ್ಲಿ ಬಲಿಪೂಜೆಯ ನಂತರ ಬಾವುಟ ಏರುತ್ತದೆ. ಹೀಗೆ ದೇಶದ ದೊಡ್ಡ ದಿನವೊಂದು, ನಾಡಿನ ದೊಡ್ಡ ದಿನವೊಂದು, ಎರಡೂ ನಮ್ಮ ದೇವಾಲಯದ ಪಂಚಾಂಗದೊಳಗೇ ಬಂದು ಕುಳಿತಿವೆ.

1954ರ ನವೆಂಬರ್ ಒಂದರಂದು ಪುದುಚೇರಿ, ಕಾರೈಕಾಲ್, ಮಾಹೆ, ಯಾನಂ ಎಂಬ ಫ್ರೆಂಚ್ ನೆಲೆಗಳ ಆಡಳಿತ ಭಾರತಕ್ಕೆ ಬಂದಿತು. ಮೈಸೂರು ಮಿಷನ್ನಿಗೆ ಗುರುಗಳನ್ನು ಕಳುಹಿಸಿದ ಪುದುಚೇರಿ ಭಾರತದ ಊರಾಯಿತು. ಅಷ್ಟರಲ್ಲಿ ಬೆಂಗಳೂರಿನ ಧರ್ಮಸಭೆಯೂ ಬೆಳೆದು ನಿಂತಿತ್ತು: 1940ರಲ್ಲಿ ಮೈಸೂರಿನಿಂದ ಬೇರೆಯಾಗಿ ಧರ್ಮಕ್ಷೇತ್ರವಾಗಿ, 1953ರಲ್ಲಿ ಮಹಾಧರ್ಮಕ್ಷೇತ್ರವಾಗಿತ್ತು.

1956: ಒಂದಾದ ನಾಡು

ಇನ್ನು ಕನ್ನಡಿಗರೆಲ್ಲ ನೆನೆಯುವ ನವೆಂಬರ್ ಒಂದಕ್ಕೆ ಬರೋಣ. 1956ರ ಆ ದಿನ ಗುರುವಾರ. ಅದಕ್ಕೆ ಮೊದಲು ಕನ್ನಡ ಮಾತನಾಡುವ ಜನ ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂಬ ಐದು ರಾಜ್ಯಗಳಲ್ಲಿ ಹಂಚಿಹೋಗಿದ್ದರು. ಧಾರವಾಡದವರು ಮರಾಠಿಯಲ್ಲಿಯೂ, ಕಲಬುರಗಿಯವರು ಉರ್ದುವಿನಲ್ಲಿಯೂ, ಮಂಗಳೂರಿನವರು ತಮಿಳರ ರಾಜಧಾನಿಯಲ್ಲಿಯೂ ಅಹವಾಲು ಹೇಳಿಕೊಳ್ಳಬೇಕಾಗಿತ್ತು.

ಒಂದಾಗುವ ಆಸೆ ಹಳೆಯದು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ, 1915ರಲ್ಲಿ ಬೆಂಗಳೂರಿನಲ್ಲಿ ಸಾಹಿತ್ಯ ಪರಿಷತ್ತು ಸ್ಥಾಪನೆಯಾದವು. ಆಲೂರು ವೆಂಕಟರಾಯರು 1917ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಬರೆದು ಜನರನ್ನು ಎಚ್ಚರಿಸಿದರು. 1924ರಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಅದರ ಜೊತೆಯಲ್ಲಿಯೇ ಏಕೀಕರಣದ ಪರಿಷತ್ತೂ ಸೇರಿತು. ಸ್ವಾತಂತ್ರ್ಯ ಬಂದ ಮೇಲೂ ತಡವಾದಾಗ ಜನರ ಸಹನೆ ಮುಗಿಯಿತು. 1953ರಲ್ಲಿ ಹುಬ್ಬಳ್ಳಿಯ ಬಳಿಯ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು ಉಪವಾಸ ಕುಳಿತರು. ಸಹಸ್ರಾರು ಮಂದಿ ಬೀದಿಗಿಳಿದರು. ಅದೇ ವರ್ಷ ಬಳ್ಳಾರಿ ಮೈಸೂರಿಗೆ ಸೇರುವ ಹೊತ್ತಿನಲ್ಲಿ ರಂಜಾನ್ ಸಾಬ್ ಎಂಬ ಬಡ ಪಿಂಜಾರ ಆ ಚಳವಳಿಗಾಗಿ ಪ್ರಾಣವನ್ನೇ ತೆತ್ತನು. ವರ್ಷದ ಕೊನೆಗೆ ಫಜಲ್ ಅಲಿಯವರ ನೇತೃತ್ವದಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗ ನೇಮಕವಾಯಿತು. 1955ರಲ್ಲಿ ಅದರ ವರದಿ, 1956ರಲ್ಲಿ ಕಾಯಿದೆ ಬಂದವು. ಹತ್ತೊಂಬತ್ತು ಜಿಲ್ಲೆಗಳ ವಿಶಾಲ ಮೈಸೂರು ರಾಜ್ಯ ಉದಯಿಸಿತು. ಎಸ್. ನಿಜಲಿಂಗಪ್ಪನವರು ಅದರ ಮುಖ್ಯಮಂತ್ರಿಗಳಾದರು. ಜಯಚಾಮರಾಜೇಂದ್ರ ಒಡೆಯರು ರಾಜ್ಯಪಾಲರಾದರು. ತಮ್ಮ ವಂಶದ ಹಳೆಯ ರಾಜ್ಯಕ್ಕಿಂತ ದೊಡ್ಡದಾದ, ಆದರೆ ತಮ್ಮದಲ್ಲದ ರಾಜ್ಯಕ್ಕೆ ಮಹಾರಾಜರು ಸೇವಕರಾಗಿ ನಿಂತುದು ಸಾಮಾನ್ಯ ಸಂಗತಿಯಲ್ಲ.

ಆ ಗುರುವಾರವೂ ಸಕಲ ಸಂತರ ಹಬ್ಬ. ಮಂಗಳೂರಿನ ಕಥೋಲಿಕರು ಹಿಂದಿನ ರಾತ್ರಿ ಮದರಾಸು ರಾಜ್ಯದ ಪ್ರಜೆಗಳಾಗಿ ಮಲಗಿ, ಬೆಳಿಗ್ಗೆ ಮೈಸೂರಿನವರಾಗಿ ಬಲಿಪೂಜೆಗೆ ಹೋದರು. ಕಾರವಾರ, ಬೆಳಗಾವಿಗಳವರು ಮುಂಬಯಿಯಿಂದ ಬಂದರು. ರಾಯಚೂರು ಜಿಲ್ಲೆಯ ಮುದಗಲ್ಲಿನ ಪುರಾತನ ಕ್ರೈಸ್ತ ನೆಲೆ ಹೈದರಾಬಾದಿನಿಂದ ಬಂದಿತು. ಶ್ರೀರಂಗಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ 1792ರಲ್ಲಿ ದೊಡ್ಡ ವೀರರಾಜೇಂದ್ರನು ಆಶ್ರಯವಿತ್ತುದರಿಂದ ಹುಟ್ಟಿದ ವಿರಾಜಪೇಟೆಯ ಸಂತ ಅನ್ನಮ್ಮನವರ ದೇವಾಲಯ ಕೊಡಗಿನೊಂದಿಗೆ ಬಂದಿತು. ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ತಾಲ್ಲೂಕು, ಅದರೊಳಗಿನ ಮಾರ್ಟಳ್ಳಿಯ ತಮಿಳು ಕಥೋಲಿಕರ ಸಮೇತ ಬಂದಿತು. ಕೊಂಕಣಿಯವರು, ಕೊಡವರು, ತುಳುವರು, ತಮಿಳರು, ಉರ್ದು ಮನೆಮಾತಿನವರು ಎಲ್ಲರೂ ಸೇರಿಯೇ ಅಂದಿನ ನಾಡು ಒಂದಾಯಿತು. ಕನ್ನಡ ನಾಡೆಂದರೆ ಮನೆಯಲ್ಲಿ ಕನ್ನಡ ಆಡುವವರದು ಮಾತ್ರವೆಂಬ ಎಣಿಕೆ ಹುಟ್ಟಿದ ದಿನದಂದೇ ಸುಳ್ಳಾಗಿತ್ತು. ಎಲ್ಲರ ನಡುವಣ ಮಾತು ಕನ್ನಡವಾಗಿರಬೇಕೆಂಬುದು ಮಾತ್ರ ನಿಜವಾಗಿತ್ತು.

ಎಲ್ಲರೂ ಬರಲಿಲ್ಲವೆಂಬುದನ್ನೂ ಹೇಳಬೇಕು. ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದ ಕಾಸರಗೋಡು ತಾಲ್ಲೂಕು ಅದೇ ದಿನ ಹುಟ್ಟಿದ ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಮೈಸೂರಿಗೆ ಸೇರಿಸಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದರೂ ಅದು ನಡೆಯಲಿಲ್ಲ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಬಾಳಿನುದ್ದಕ್ಕೂ ಈ ಕೊರಗನ್ನು ಹೊತ್ತು 2015ರಲ್ಲಿ ತೀರಿಕೊಂಡರು. ನಮ್ಮ ಸಂತೋಷದ ದಿನ ಅಲ್ಲಿಯ ಕನ್ನಡಿಗರಿಗೆ ಅಗಲಿಕೆಯ ದಿನವೂ ಹೌದು.

ರಾಜ್ಯ ಒಂದಾದರೂ ಹೆಸರು ಹಳೆಯದೇ ಉಳಿದಿತ್ತು. 1973ರ ನವೆಂಬರ್ ಒಂದರಂದು, ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ, ಮೈಸೂರು ರಾಜ್ಯ ಕರ್ನಾಟಕವಾಯಿತು. 2014ರ ನವೆಂಬರ್ ಒಂದರಂದು ಬೆಂಗಳೂರೂ ಸೇರಿ ಹನ್ನೆರಡು ಊರುಗಳ ಹೆಸರುಗಳು ಇಂಗ್ಲಿಷಿನಲ್ಲಿಯೂ ಕನ್ನಡಿಗರು ಕರೆಯುವಂತೆಯೇ ಆದವು.

ನಮ್ಮ ಅಂಗಳಕ್ಕೆ ಬಂದ ಪ್ರಶ್ನೆ

ಈಗ ನಮ್ಮ ಮನೆಯ ಮಾತಿಗೆ ಬರೋಣ. ನೂರು ವರ್ಷಗಳ ಹಿಂದೆ ನಮ್ಮ ದೇವಾಲಯ ಆರಂಭವಾದಾಗ ಬಲಿಪೂಜೆ ನಡೆಯುತ್ತಿದ್ದುದು ಲ್ಯಾಟಿನ್ನಿನಲ್ಲಿ. ಜ್ಞಾನಸ್ನಾನದ ಹಳೆಯ ದಾಖಲೆಗಳೂ ಅದೇ ಭಾಷೆಯಲ್ಲಿವೆ. ಲ್ಯಾಟಿನ್ ಇಲ್ಲಿ ಯಾರ ಮನೆಮಾತೂ ಅಲ್ಲದ ಕಾರಣ ಅದರ ವಿಷಯದಲ್ಲಿ ಯಾರಿಗೂ ಜಗಳವಿರಲಿಲ್ಲ. 1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಆರಾಧನಾ ವಿಧಿಯ ಶಾಸನವನ್ನು ಪ್ರಕಟಿಸಿ ಜನರ ಭಾಷೆಗೆ ಬಾಗಿಲು ತೆರೆಯಿತು. ಬೆಂಗಳೂರಿನಲ್ಲಿ ಆಗ ಹೊಸ ಪ್ರಶ್ನೆ ಎದ್ದಿತು: ಯಾವ ಜನರ, ಯಾವ ಭಾಷೆ?

ಏಕೆಂದರೆ ಅಷ್ಟು ಹೊತ್ತಿಗೆ ಊರಿನ ಹೊರವಲಯ ಬದಲಾಗತೊಡಗಿತ್ತು. 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ದೂರವಾಣಿನಗರದ ಕಾರ್ಖಾನೆ, 1950ರ ದಶಕದಲ್ಲಿ ಯಂತ್ರೋಪಕರಣಗಳ, ವಿದ್ಯುನ್ಮಾನ ಸಾಧನಗಳ ಕಾರ್ಖಾನೆಗಳು ಬಂದವು. 1970ರ ದಶಕದಲ್ಲಿ ಪೀಣ್ಯದ ಕೈಗಾರಿಕಾ ಪ್ರದೇಶ ಹರಡಿತು. ಅದೇ ದಶಕದ ಕೊನೆಯಲ್ಲಿ ಆರ್. ಕೆ. ಬಾಳಿಗಾ ಅವರ ದೂರದೃಷ್ಟಿಯಿಂದ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಗಳಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ರೂಪಿಸಿತು. 1990ರ ದಶಕದಲ್ಲಿ ವೈಟ್‌ಫೀಲ್ಡಿನ ಬಯಲಿನಲ್ಲಿ ಕಂಪ್ಯೂಟರ್ ಉದ್ಯಮದ ಗಾಜಿನ ಕಟ್ಟಡಗಳೆದ್ದವು. ಪ್ರತಿ ಕಾರ್ಖಾನೆಯ ಜೊತೆಗೂ ಹೊಸ ಕುಟುಂಬಗಳು ಬಂದವು. ಇಂದು ನಮ್ಮ ಪೀಠದ ಮುಂದೆ ತಮಿಳುನಾಡಿನವರು, ಕೇರಳದವರು, ಮಂಗಳೂರಿನವರು, ಜಾರ್ಖಂಡಿನ ಕಟ್ಟಡ ಕೆಲಸಗಾರರು, ಈಶಾನ್ಯ ರಾಜ್ಯಗಳ ಯುವಕ ಯುವತಿಯರು ಒಂದೇ ಸಾಲಿನಲ್ಲಿ ಮೊಣಕಾಲೂರುತ್ತಾರೆ.

ಇದರಿಂದ ಕಹಿಯೂ ಹುಟ್ಟಿದೆ. ಅದನ್ನು ಶತಮಾನೋತ್ಸವದ ಹೆಸರಿನಲ್ಲಿ ಮರೆಮಾಚುವುದು ಸರಿಯಲ್ಲ. ತಮ್ಮ ನೆಲದ ದೇವಾಲಯದಲ್ಲಿಯೇ ತಮ್ಮ ಭಾಷೆಗೆ ವೇಳೆ ಸಾಲದೆಂದು ಕನ್ನಡಿಗರು ನೊಂದದ್ದುಂಟು. ತಲೆಮಾರುಗಳಿಂದ ಇಲ್ಲಿಯೇ ಬೆವರು ಸುರಿಸಿದ ತಮ್ಮನ್ನು ಹೊರಗಿನವರೆನ್ನುತ್ತಾರೆಂದು ಬೇರೆ ಮನೆಮಾತಿನವರು ನೊಂದದ್ದೂ ಉಂಟು. ಒಂದು ವರ್ಷ ನವೆಂಬರ್ ಒಂದರಂದು ಬಲಿಪೂಜೆ ಮುಗಿದೊಡನೆ ಅರ್ಧದಷ್ಟು ಜನರು ಬಾವುಟದ ಕಂಬವನ್ನು ಬಳಸಿಕೊಂಡು ಮಾತಿಲ್ಲದೆ ಹೊರಟುಹೋದರು. ಉಳಿದವರ ನಾಡಗೀತೆಯಲ್ಲಿ ಹರ್ಷಕ್ಕಿಂತ ಹಟವೇ ಹೆಚ್ಚಾಗಿತ್ತು. ಆ ದಿನ ಎರಡೂ ಹಬ್ಬಗಳು ಕೆಟ್ಟವು.

ಮರುವರ್ಷ ಹಿರಿಯರು ಕುಳಿತು ಒಂದು ಸಣ್ಣ ಏರ್ಪಾಡು ಮಾಡಿದರು. ಅಂದಿನ ಪ್ರಕಟನಾ ಗ್ರಂಥದ ವಾಚನ ಕನ್ನಡದಲ್ಲಿಯೇ ಆಗಬೇಕು. ಆದರೆ ಅದನ್ನು ಓದುವವರು ಕನ್ನಡ ಮನೆಮಾತಲ್ಲದವರಾಗಿರಬೇಕು. ವಿಶ್ವಾಸಿಗಳ ಬಿನ್ನಹಗಳನ್ನು ಒಂದೊಂದು ಭಾಷೆಯವರು ತಮ್ಮ ಭಾಷೆಯಲ್ಲಿ ಹೇಳಬೇಕು. ಅದಕ್ಕೆ ಸಭೆಯೆಲ್ಲ ಕನ್ನಡದಲ್ಲಿ ಓಗೊಡಬೇಕು. ಮೊದಲ ಸಲ ಓದಿದ ಹೆಣ್ಣುಮಗಳು ಒಂದು ತಿಂಗಳು ಅಕ್ಷರ ತಿದ್ದಿ ಬಂದಿದ್ದಳು. ಎರಡು ಕಡೆ ತಡವರಿಸಿದಳು. ಯಾರೂ ನಗಲಿಲ್ಲ. ಸಕಲ ಭಾಷೆಗಳಿಂದ ಬಂದ ಜನಸಮೂಹದ ದರ್ಶನವನ್ನು ಅವಳ ಬಾಯಿಂದ ಕನ್ನಡದಲ್ಲಿ ಕೇಳಿದಾಗ ಅಂದಿನ ಹಬ್ಬದ ಅರ್ಥ ನಮಗೆ ಮೊದಲಿಗಿಂತ ಹೆಚ್ಚು ತಿಳಿಯಿತು. ಆ ವರ್ಷ ಕಂಬದ ಬಳಿ ಎಲ್ಲರೂ ನಿಂತರೆಂದು ನಾವು ಹೇಳಲಾರೆವು; ಹಿಂದಿನ ವರ್ಷಕ್ಕಿಂತ ಹೆಚ್ಚು ಮಂದಿ ನಿಂತರು. ಏರ್ಪಾಡು ಇಂದಿಗೂ ನಡೆದು ಬಂದಿದೆ.

ಕನ್ನಡ ಕಲಿಯುವುದು ಈ ನೆಲದ ಅನ್ನ ಉಂಡವರು ತೀರಿಸಬೇಕಾದ ಋಣವೆಂದು ನಾವು ನಂಬುತ್ತೇವೆ. ಇಟಲಿಯಿಂದ ಬಂದ ಚಿನ್ನಮಿಯವರಿಗೆ ಅದು ಸಾಧ್ಯವಾದರೆ ಪಕ್ಕದ ರಾಜ್ಯದಿಂದ ಬಂದವರಿಗೆ ಕಷ್ಟವಾಗದು. ಹಾಗೆಯೇ ಕಲಿಯಲು ಬಂದವರಿಗೆ ಆಸನ ಕೊಟ್ಟು ಕಲಿಸುವುದು ಕನ್ನಡಿಗರಾದ ನಮ್ಮ ಋಣ. 1956ರಲ್ಲಿ ನಾಡು ಒಂದಾದುದು ಕಾಯಿದೆಯಿಂದ ಮಾತ್ರವಲ್ಲ. ಕೊಂಕಣಿಯವರೂ ಕೊಡವರೂ ತಮಿಳರೂ ತಮ್ಮ ಮನೆಮಾತನ್ನು ಬಿಡದೆ ಕನ್ನಡವನ್ನು ನಡುಮನೆಯ ಮಾತಾಗಿ ಒಪ್ಪಿಕೊಂಡದ್ದರಿಂದ. ದೇವಾಲಯಕ್ಕೂ ಅದೇ ದಾರಿಯೆಂಬುದು ಈ ದಿನದ ಚರಿತ್ರೆ ನಮಗೆ ಕಲಿಸುವ ಪಾಠ.

ನಮ್ಮ ಸಮಾಧಿಭೂಮಿಯ ಕಲ್ಲುಗಳ ಮೇಲೆ ಲ್ಯಾಟಿನ್, ಇಂಗ್ಲಿಷ್, ತಮಿಳು, ಕನ್ನಡ ಅಕ್ಷರಗಳಿವೆ. ಹಳೆಯ ಭಾಗದಲ್ಲಿ ಅಕ್ಷರಗಳು ಸವೆದುಹೋದ ಕಲ್ಲುಗಳೂ, ಕಲ್ಲೇ ಇಲ್ಲದ ಮಣ್ಣಿನ ದಿಬ್ಬಗಳೂ ಇವೆ. ಈ ದೇವಾಲಯದ ಅಡಿಪಾಯಕ್ಕೆ ಕಲ್ಲು ಹೊತ್ತವರು ಬಹುಶಃ ಅಲ್ಲಿಯೇ ಮಲಗಿದ್ದಾರೆ. ಅವರು ಯಾವ ಭಾಷೆಯವರೆಂದು ಇಂದು ಯಾರೂ ಹೇಳಲಾರರು. ಬರುವ ನವೆಂಬರ್ ಒಂದರಂದು ನಮ್ಮವರ ಸಮಾಧಿಯನ್ನು ಶುಚಿ ಮಾಡಿದ ಮೇಲೆ, ಹೆಸರಿಲ್ಲದ ಒಂದು ದಿಬ್ಬದ ಹುಲ್ಲನ್ನೂ ಕಿತ್ತು ಅಲ್ಲೊಂದು ಮೇಣದ ಬತ್ತಿ ಹಚ್ಚಿ ಬರಬೇಕೆಂದು ಭಕ್ತವಿಶ್ವಾಸಿಗಳೆಲ್ಲರಲ್ಲಿ ನಮ್ಮ ವಿನಮ್ರ ಬಿನ್ನಹ.